ಲಾಕ್‌ಡೌನ್ ಹೆಚ್ಚಿಸಿದ ಆಸ್ಪತ್ರೆಯ ದೂರ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಪೈವಳಿಕೆ, ಪೆರ್ಲದ ಕಡೆಯ ಮನೆಗಳಲ್ಲಿ ಕಾಯಿಲೆ ಕೈಮೀರಿತೆಂದರೆ ಗಾಡಿ ಹೊರಡುವುದು ಮಂಗಳೂರಿಗೆ. ಮಂಜೇಶ್ವರದಿಂದ ಅದು 20 ಕಿಲೋಮೀಟರಿನ ಆಸುಪಾಸಿನಲ್ಲಿದೆ. ಕಣ್ಣೂರು ಜಿಲ್ಲೆಯ ಪರಿಯಾರಂನಲ್ಲಿರುವ ಸರಕಾರಿ ವೈದ್ಯಕೀಯ ಕಾಲೇಜಿಗಾದರೆ ದಕ್ಷಿಣಕ್ಕೆ ಸುಮಾರು 100 ಕಿಲೋಮೀಟರ್ ಹೋಗಬೇಕು. 1956ರಲ್ಲಿ ರಾಜ್ಯಗಳ ಗಡಿ ಬದಲಾಗಿ ಈ ಊರುಗಳು ಕೇರಳಕ್ಕೆ ಸೇರಿದರೂ ಚಿಕಿತ್ಸೆಯ ಈ ದಾರಿ ಬದಲಾಗಲಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಕಾಸರಗೋಡಿನಲ್ಲಿ ಕೊರೊನಾ ಸೋಂಕು ಏರುತ್ತಿದ್ದಾಗ ಕರ್ನಾಟಕವು ಗಡಿಯ ತಲಪಾಡಿಯಲ್ಲಿ ಹೆದ್ದಾರಿಯನ್ನು ಮುಚ್ಚಿತು, ಹಲವು ಒಳರಸ್ತೆಗಳಿಗೆ ಮಣ್ಣು ಸುರಿಸಿತು. ಆಂಬುಲೆನ್ಸ್‌ಗಳು ಹಿಂದಿರುಗಿದವು, ದಾರಿ ಸಿಗದೆ ಪ್ರಾಣ ಬಿಟ್ಟವರೂ ಇದ್ದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆರವುಗೊಳಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ವೈದ್ಯರ ಪ್ರಮಾಣಪತ್ರದೊಂದಿಗೆ ರೋಗಿಗಳನ್ನು ಗಡಿ ದಾಟಿಸುವ ಒಪ್ಪಂದವನ್ನು ಸುಪ್ರೀಂ ಕೋರ್ಟ್ ದಾಖಲಿಸಿಕೊಂಡದ್ದು ಏಪ್ರಿಲ್ 7ಕ್ಕೆ.

ಲಾಕ್‌ಡೌನ್ ವೈರಸ್ಸಿನ ಓಟವನ್ನು ತಗ್ಗಿಸಿತು, ಹಾಸಿಗೆ ಆಮ್ಲಜನಕಗಳನ್ನು ಹೊಂದಿಸಿಕೊಳ್ಳಲು ಸಮಯ ಕೊಟ್ಟಿತು, ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದೇ ವಾರಗಳಲ್ಲಿ ಉಳಿದ ಕಾಯಿಲೆಗಳು ರಜೆ ಹಾಕಿರಲಿಲ್ಲ. ತಾಯಂದಿರ ಮರಣವನ್ನು ಅಧ್ಯಯನ ಮಾಡಿದ ತಡ್ಡೆಯಸ್ ಮತ್ತು ಮೇಯ್ನ್ ಎಂಬ ಸಂಶೋಧಕರು 1994ರಲ್ಲಿ ಮೂರು ವಿಳಂಬಗಳನ್ನು ಗುರುತಿಸಿದ್ದರು: ಆಸ್ಪತ್ರೆಗೆ ಹೋಗೋಣವೆಂದು ತೀರ್ಮಾನಿಸುವುದರಲ್ಲಿ, ಅಲ್ಲಿಗೆ ತಲುಪುವುದರಲ್ಲಿ, ತಲುಪಿದ ಮೇಲೆ ತಕ್ಕ ಚಿಕಿತ್ಸೆ ಸಿಗುವುದರಲ್ಲಿ. ಬಡ ದೇಶಗಳಲ್ಲಿ ಲಾಕ್‌ಡೌನ್ ಈ ಮೂರನ್ನೂ ಒಟ್ಟಿಗೆ ಹಿಗ್ಗಿಸಿತು. ಸೋಂಕಿನ ಭಯದಿಂದ ಜನ ಮನೆಯಲ್ಲೇ ಕಾದರು; ಬಸ್ಸನ್ನೇ ನಂಬಿದವರಿಗೆ ಬಸ್ಸು ಇಲ್ಲವಾಯಿತು, ಕೂಲಿ ನಿಂತ ಮನೆಗೆ ಬಾಡಿಗೆ ಕಾರು ಕೈಗೆಟುಕಲಿಲ್ಲ; ಬಾಗಿಲವರೆಗೆ ಬಂದವರಿಗೆ ಸಿಬ್ಬಂದಿ ಕೊರೊನಾ ವಾರ್ಡಿಗೆ ಹೋಗಿರುವುದು ತಿಳಿಯಿತು.

ವಿಳಂಬದ ಬೆಲೆ ಎಲ್ಲ ಕಾಯಿಲೆಗಳಲ್ಲಿ ಒಂದೇ ಅಲ್ಲ. ಮೂತ್ರಪಿಂಡ ಸೋತವರ ಸ್ಥಿತಿಯನ್ನು ನೋಡಿ. ವಾರಕ್ಕೆ ಎರಡೋ ಮೂರೋ ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ, ಯಂತ್ರವೊಂದು ಅವರ ರಕ್ತವನ್ನು ಶೋಧಿಸಬೇಕು. ಎರಡು ಸರದಿಗಳ ನಡುವೆ ದೇಹದಲ್ಲಿ ನಿಂತ ನೀರು ತೂಕವಾಗಿ ಕಾಣಿಸುತ್ತದೆ. ಅದಕ್ಕಾಗಿಯೇ ಡಯಾಲಿಸಿಸ್‌ಗೆ ಮುಂಚೆ ಮತ್ತು ನಂತರ ರೋಗಿಯನ್ನು ತೂಗುತ್ತಾರೆ. ಒಂದು ಸರದಿ ತಪ್ಪಿದರೆ ಕಾಲು ಬಾಯುತ್ತದೆ, ನೀರು ಶ್ವಾಸಕೋಶಕ್ಕೆ ಏರಿ ಮಲಗಿದರೆ ಉಸಿರು ಕಟ್ಟುತ್ತದೆ. ಅದಕ್ಕಿಂತಲೂ ಅಪಾಯಕಾರಿ ರಕ್ತದಲ್ಲಿ ಏರುವ ಪೊಟ್ಯಾಸಿಯಂ, ಏಕೆಂದರೆ ಅದು ಹೃದಯದ ಬಡಿತವನ್ನೇ ಕೆಡಿಸಬಲ್ಲದು. ತೆಂಗು ಬಾಳೆಗಳ ನಮ್ಮ ಊರಿನಲ್ಲಿ ಇಂಥವರಿಗೆ ಎಳನೀರನ್ನೂ ಬಾಳೆಹಣ್ಣನ್ನೂ ವೈದ್ಯರು ನಿಷೇಧಿಸುವುದು ಈ ಕಾರಣಕ್ಕೆ. ಪಥ್ಯ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಯಂತ್ರದ ಬದಲಿಗೆ ಅದು ನಿಲ್ಲದು. ಮುಚ್ಚಿದ ಗಡಿಯ ಬಗ್ಗೆ ನ್ಯಾಯಾಲಯದಲ್ಲಿ ವಾದ ನಡೆಯಲು ಬೇಕಾದ ದಿನಗಳಲ್ಲಿ ಇಂಥ ರೋಗಿಯ ಎರಡು ಮೂರು ಸರದಿಗಳು ಕಳೆದುಹೋಗುತ್ತವೆ.

ಹೆರಿಗೆಯ ಕುರಿತು ನೇಪಾಳದಿಂದ ಬಂದ ಅಂಕಿಗಳು ಕಂಗೆಡಿಸುವಂತಿವೆ. ಅಲ್ಲಿಯ ಲಾಕ್‌ಡೌನ್ ನಮ್ಮದರ ಜೊತೆಗೇ, 2020ರ ಮಾರ್ಚ್ ಕೊನೆಯಲ್ಲಿ ಶುರುವಾಯಿತು. ಒಂಬತ್ತು ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿದಾಗ ಆಸ್ಪತ್ರೆಯಲ್ಲಿ ಹೆರಿಗೆಯಾಗುವವರ ಸಂಖ್ಯೆ ಅರ್ಧಕ್ಕಿಂತಲೂ ಕೆಳಗಿಳಿದದ್ದು ಕಂಡುಬಂತು. ಅಲ್ಲಿ ಹುಟ್ಟಿದ ಶಿಶುಗಳ ಮರಣ ಸಾವಿರಕ್ಕೆ 13ರಿಂದ 40ಕ್ಕೆ ಏರಿತ್ತು. ತೊಡಕಿನ ಹೆರಿಗೆಗಳೇ ಕೊನೆಗೆ ಆಸ್ಪತ್ರೆ ಸೇರುವುದರಿಂದ ಈ ಅಂತರ ಒಂದಿಷ್ಟು ಹಿಗ್ಗಿ ಕಂಡಿರಬಹುದು. ಆದರೆ ತಡವಾಗಿ ಬಂದ ತಾಯಂದಿರು ಮತ್ತು ಕುಗ್ಗಿದ ಆರೈಕೆ ಇವೆರಡೂ ಆ ಅಂಕಿಯೊಳಗಿವೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಕ್ಷಯದ ಲೆಕ್ಕ ಇದಕ್ಕಿಂತ ನಿಧಾನದ್ದು, ಹಾಗಾಗಿ ಸುಲಭವಾಗಿ ಕಣ್ತಪ್ಪುತ್ತದೆ. ಭಾರತದಲ್ಲಿ 2019ರಲ್ಲಿ 24 ಲಕ್ಷ ಕ್ಷಯ ರೋಗಿಗಳು ದಾಖಲಾಗಿದ್ದರೆ 2020ರಲ್ಲಿ ಆ ಸಂಖ್ಯೆ 18 ಲಕ್ಷಕ್ಕೆ ಇಳಿಯಿತು. ಇಳಿದದ್ದು ರೋಗವಲ್ಲ, ಪತ್ತೆ. ಕ್ಷಯ ಪರೀಕ್ಷೆಗಿದ್ದ ಟ್ರೂನ್ಯಾಟ್ ಯಂತ್ರಗಳು ಕೊರೊನಾ ಪರೀಕ್ಷೆಗೆ ತಿರುಗಿದವು. ಕೆಮ್ಮಿದರೆ ನೆರೆಯವರು ದೂರ ಸರಿಯುವ ಕಾಲದಲ್ಲಿ ಕೆಮ್ಮನ್ನು ಮುಚ್ಚಿಟ್ಟವರಿಗೂ ಕೊರತೆಯಿರಲಿಲ್ಲ. ಮದ್ದು ಕಾಣದ ಕ್ಷಯ ಅದೇ ಕೋಣೆಯಲ್ಲಿ ಮಲಗುವ ಮಕ್ಕಳಿಗೆ ದಾಟುತ್ತದೆ, ಎಷ್ಟೋ ಸಲ ವರ್ಷಗಳ ಬಳಿಕ ಕಾಣಿಸಿಕೊಳ್ಳುತ್ತದೆ. ಲಸಿಕೆಯದೂ ಇದೇ ಬಗೆ: 2020ರಲ್ಲಿ ಜಗತ್ತಿನ 2.3 ಕೋಟಿ ಮಕ್ಕಳಿಗೆ ವಾಡಿಕೆಯ ಮೂಲ ಲಸಿಕೆಗಳು ಪೂರ್ತಿಯಾಗಿ ಸಿಗಲಿಲ್ಲ, ಹಿಂದಿನ ವರ್ಷಕ್ಕಿಂತ 37 ಲಕ್ಷ ಹೆಚ್ಚು.

2013ರಲ್ಲಿ ಶಂಕುಸ್ಥಾಪನೆಯಾದ, ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡ 2020ರ ಏಪ್ರಿಲ್‌ನಲ್ಲಿ ಕೊರೊನಾ ಆಸ್ಪತ್ರೆಯಾಗಿ ತೆರೆಯಿತು. ಜಿಲ್ಲೆಯೊಳಗೇ ಚಿಕಿತ್ಸೆ ಬೆಳೆಯಲೇಬೇಕು. ಆದರೆ ಅಲ್ಲಿಯವರೆಗೆ, ಬಹುಶಃ ಆಮೇಲೂ, ಗಡಿನಾಡಿನ ರೋಗಿ ಮಂಗಳೂರಿಗೇ ಹೋಗುತ್ತಾನೆ. ಆದ್ದರಿಂದ ಮುಂದಿನ ಸಾಂಕ್ರಾಮಿಕದ ಯೋಜನೆಯನ್ನು ಕಂದಾಯ ಜಿಲ್ಲೆಯ ಗಡಿಗೆ ಬಿಡದೆ, ಯಾವ ಊರಿನವರು ಯಾವ ಆಸ್ಪತ್ರೆಗೆ ಹೋಗುತ್ತಾರೆ ಎಂಬ ವಾಸ್ತವದ ಮೇಲೆ ರೂಪಿಸಬೇಕು. ಡಯಾಲಿಸಿಸ್, ಕ್ಯಾನ್ಸರ್ ರೋಗಿಗಳ ಮತ್ತು ಹೆರಿಗೆ ಹತ್ತಿರವಾದವರ ಪಟ್ಟಿ ಎರಡೂ ಕಡೆಯ ಜಿಲ್ಲಾಡಳಿತಗಳ ಬಳಿ ಮೊದಲೇ ಇರಬೇಕು. ರಸ್ತೆ ಮುಚ್ಚುವ ಆದೇಶದಲ್ಲೇ ಅವರನ್ನು ದಾಟಿಸುವ ವಿಧಾನವೂ ಬರೆದಿರಬೇಕು, ಕ್ಷಯ, ಮಧುಮೇಹ, ಅಪಸ್ಮಾರದ ಮದ್ದುಗಳನ್ನು ಎರಡು ಮೂರು ತಿಂಗಳಿಗೆ ಆಗುವಷ್ಟು ಒಮ್ಮೆಲೇ ಆಶಾ ಕಾರ್ಯಕರ್ತೆಯರ ಮೂಲಕ ಮನೆಗೆ ತಲುಪಿಸುವ ಏರ್ಪಾಡೂ ಇರಬೇಕು.