ಪದ ಪರಿಚಯ: ಸಂರಕ್ಷಿತ ಭೂಮಿಯ ‘ಅವಕಾಶ ವೆಚ್ಚ’

ಒಂದು ಭೂಭಾಗವನ್ನು ನಿಸರ್ಗ ಸಂರಕ್ಷಣೆಗೆಂದು ಮೀಸಲಿಟ್ಟಾಗ ಆಯವ್ಯಯ ಪತ್ರದಲ್ಲಿ ಕಾಣುವುದು ಕಾವಲುಗಾರರ ಸಂಬಳ, ಬೇಲಿ, ವಾಹನ ಮೊದಲಾದ ಖರ್ಚು ಮಾತ್ರ. ಅದೇ ನೆಲದಲ್ಲಿ ಬೇಸಾಯವೋ ಪಶುಪಾಲನೆಯೋ ನಡೆದಿದ್ದರೆ ದೊರೆಯುತ್ತಿದ್ದ, ಈಗ ಕೈಬಿಟ್ಟ ನಿವ್ವಳ ಆದಾಯಕ್ಕೆ ಅರ್ಥಶಾಸ್ತ್ರದಲ್ಲಿ ‘ಅವಕಾಶ ವೆಚ್ಚ’ ಎಂದು ಹೆಸರು. ಯಾರ ಖಜಾನೆಯಿಂದಲೂ ಹಣ ಹೊರಹೋಗದ ಕಾರಣ ಇದು ಸುಲಭವಾಗಿ ಮರೆತುಹೋಗುತ್ತದೆ.

‘ನಿವ್ವಳ’ ಎಂಬುದರ ಮೇಲೆಯೇ ಇಡೀ ಲೆಕ್ಕ ನಿಂತಿದೆ. ಬೆಳೆ ಮಾರಿ ಬರುವ ಮೊತ್ತವನ್ನೆಲ್ಲ ನಷ್ಟವೆಂದು ಬರೆಯುವಂತಿಲ್ಲ. ಬೀಜ, ಗೊಬ್ಬರ, ಸಾಗಣೆ ಮತ್ತು ಬೇರೆಡೆ ತೊಡಗಿಸಬಹುದಾದ ದುಡಿಮೆಯ ಬೆಲೆಯನ್ನು ಕಳೆದ ಮೇಲೆ ಉಳಿಯುವುದಷ್ಟೇ ನೆಲದ ಗಳಿಕೆ. ಕಡಿದಾದ, ಕಲ್ಲು ತುಂಬಿದ, ರಸ್ತೆಯಿಲ್ಲದ ಜಾಗದಲ್ಲಿ ಅದು ಸೊನ್ನೆಯ ಹತ್ತಿರವೂ ಇರಬಹುದಾದ್ದರಿಂದ, ಇಡೀ ಪ್ರದೇಶದ ಸರಾಸರಿ ಇಳುವರಿಯನ್ನು ಪ್ರತಿ ಎಕರೆಗೂ ಹಚ್ಚುವ ಅಂದಾಜುಗಳನ್ನು ಅನುಮಾನದಿಂದಲೇ ಓದಬೇಕು.

ಭೂಮಿಯ ಮಾರುಕಟ್ಟೆ ಬೆಲೆಯನ್ನೇ ಅಳತೆಗೋಲಾಗಿ ಬಳಸುವುದುಂಟು. ಮುಂದಿನ ವರ್ಷಗಳ ಗಳಿಕೆಯ ಇಂದಿನ ಮೌಲ್ಯ ಅದರಲ್ಲಿ ಅಡಕವಾಗಿದೆ ಎಂಬುದು ಇದರ ತರ್ಕ. ಆದರೆ ಆ ಬೆಲೆಯಲ್ಲಿ ಸಹಾಯಧನದ ಪಾಲೂ, ನಾಳೆ ಬಡಾವಣೆಯಾದೀತೆಂಬ ನಿರೀಕ್ಷೆಯೂ ಬೆರೆತಿರುತ್ತವೆ. ಗಳಿಕೆಯಿಂದಲೇ ಮೌಲ್ಯ ಕಟ್ಟಲು ಹೊರಟರೆ ಬಡ್ಡಿದರದ ಪ್ರಶ್ನೆ ಎದುರಾಗುತ್ತದೆ: ವರ್ಷಕ್ಕೆ 100 ಡಾಲರ್ ನಿರಂತರವಾಗಿ ಕೊಡುವ ನೆಲಕ್ಕೆ ಶೇ. 5ರ ದರದಲ್ಲಿ 2,000 ಡಾಲರ್ ಮೌಲ್ಯವಿದ್ದರೆ, ಶೇ. 10ರಲ್ಲಿ 1,000 ಮಾತ್ರ.

ಕೀನ್ಯಾದ ಉದ್ಯಾನಗಳು, ಮೀಸಲು ಪ್ರದೇಶಗಳು ಮತ್ತು ಅರಣ್ಯಗಳ ಅವಕಾಶ ವೆಚ್ಚವನ್ನು ಸಂಶೋಧಕರಾದ ನಾರ್ಟನ್-ಗ್ರಿಫಿತ್ಸ್ ಮತ್ತು ಸೌದಿ (Southey) 1995ರಲ್ಲಿ ವರ್ಷಕ್ಕೆ ಸುಮಾರು 20.3 ಕೋಟಿ ಡಾಲರ್ ಎಂದು ಅಂದಾಜಿಸಿದರು. ಪ್ರವಾಸೋದ್ಯಮ ಮತ್ತು ಅರಣ್ಯೋತ್ಪನ್ನಗಳಿಂದ ಬರುತ್ತಿದ್ದ ನಿವ್ವಳ ಆದಾಯ ಸುಮಾರು 4.2 ಕೋಟಿ. ಸಂರಕ್ಷಣೆ ವ್ಯರ್ಥವೆಂದು ಇದರಿಂದ ಸಿದ್ಧವಾಗುವುದಿಲ್ಲ. ಇಂಗಾಲ ಹಿಡಿದಿಡುವಿಕೆ, ಜೀವವೈವಿಧ್ಯದಂಥ ಲಾಭಗಳು ಜಗತ್ತಿಗೆಲ್ಲ ಹಂಚಿಹೋಗುವಾಗ ವೆಚ್ಚ ಮಾತ್ರ ಒಂದು ದೇಶದ ಮೇಲೆ ಬೀಳುತ್ತದೆ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ದೇಶದೊಳಗೂ ಹೊರೆ ಸಮನಾಗಿರುವುದಿಲ್ಲ. ಸೌದೆ, ಮೇವು ತರುತ್ತಿದ್ದ, ಆದರೆ ಹಕ್ಕುಪತ್ರವಿಲ್ಲದ ಕುಟುಂಬಗಳ ನಷ್ಟ ಯಾವ ಭೂಬೆಲೆಯಲ್ಲೂ ಸೇರುವುದಿಲ್ಲ.

ಖಾಸಗಿ ಜಮೀನಿನ ನಿಜವಾದ ಅವಕಾಶ ವೆಚ್ಚ ಮಾಲೀಕನಿಗಷ್ಟೇ ಗೊತ್ತು. ಪರಿಹಾರ ಸಿಗುವುದೆಂದಾದರೆ ಅದನ್ನು ಹೆಚ್ಚಿಸಿ ಹೇಳುವುದು ಸಹಜ. ಅಮೆರಿಕದಲ್ಲಿ 1985ರ ಕೃಷಿ ಕಾಯ್ದೆಯಡಿ ಬಂದ ಸಂರಕ್ಷಣಾ ಮೀಸಲು ಯೋಜನೆಯಲ್ಲಿ ರೈತರು ನೆಲವನ್ನು ಬೇಸಾಯದಿಂದ ಹೊರಗಿಡಲು ತಮಗೆ ಬೇಕಾದ ವಾರ್ಷಿಕ ಬಾಡಿಗೆಯನ್ನು ತಾವೇ ನಮೂದಿಸಿ ಪೈಪೋಟಿಗಿಳಿಯುತ್ತಾರೆ. ಅತಿ ಹೆಚ್ಚು ಕೇಳಿದವರು ಅವಕಾಶ ಕಳೆದುಕೊಳ್ಳುವ ಸಂಭವವಿರುವುದರಿಂದ, ನಮೂದಾದ ಮೊತ್ತ ನಿಜವಾದ ವೆಚ್ಚಕ್ಕೆ ಒಂದಿಷ್ಟು ಸಮೀಪವಾಗುತ್ತದೆ.