ಬಣ್ಣ ಸರಿಯಾಗಿದ್ದರೂ ನನ್ನ ಟ್ಯಾಂಕ್ ಆಟಿಕೆ ಥರ ಕಾಣುತ್ತದೆ, ಯಾಕೆ?

ಪ್ರಶ್ನೆ: 1/35 ಅಳತೆಯ (ಅಸಲಿಯ 35ನೇ ಒಂದು ಭಾಗದ) ಟಿ-34 ಕಿಟ್ ಜೋಡಿಸಿದೆ, ಎರಡನೇ ಮಹಾಯುದ್ಧದ ಸೋವಿಯತ್ ಟ್ಯಾಂಕಿನ ಪ್ಲಾಸ್ಟಿಕ್ ಮಾಡೆಲ್. ಒಂದು ತುಂಡೂ ಬಿಟ್ಟಿಲ್ಲ. ಸೂಚನೆ ಹಾಳೆಯಲ್ಲಿ ಹೇಳಿದ ಹಸಿರನ್ನೇ ಹಚ್ಚಿದ್ದೇನೆ. ಆದರೂ ಮಕ್ಕಳ ಆಟದ ಸಾಮಾನಿನ ಹಾಗಿದೆ. ಎಲ್ಲಿ ಎಡವಿದೆ?

ಉತ್ತರ: ಎಡವಿಲ್ಲ, ನಿಮ್ಮ ಟ್ಯಾಂಕಿಗೆ ಭಾರ ಬಂದಿಲ್ಲ ಅಷ್ಟೇ. ಅಸಲಿ ಟಿ-34 ಮಾದರಿಗೆ ತಕ್ಕಂತೆ 26ರಿಂದ 32 ಟನ್ ತೂಗುತ್ತಿತ್ತು. ನಿಮ್ಮದು ಅಂಗೈ ಮೇಲೆ ಕೂರುವ ಪ್ಲಾಸ್ಟಿಕ್. ಆ ತೂಕವನ್ನು ನೋಡುವವರ ಕಣ್ಣಿಗೆ ನಂಬಿಸಬೇಕು. (ಅಂದಹಾಗೆ 1/35 ಅನ್ನೋ ಅಳತೆ ಹುಟ್ಟಿದ್ದೇ ಮೋಟಾರಿನಿಂದ ಓಡುವ ಮಾಡೆಲ್ ಟ್ಯಾಂಕಿನಿಂದ. 1960ರ ದಶಕದ ಆರಂಭದಲ್ಲಿ ಜಪಾನಿನ ಮಾಡೆಲ್ ಕಂಪನಿ ತಮಿಯಾ ತನ್ನ ಪ್ಯಾಂಥರ್ (ಜರ್ಮನ್ ಟ್ಯಾಂಕ್) ಮಾಡೆಲ್ ಒಳಗೆ ಮೋಟಾರು, ಬ್ಯಾಟರಿ ಹಿಡಿಸಲು ಹೋಗಿ ಈ ಗಾತ್ರಕ್ಕೆ ಬಂತು.)

ಮೊದಲು ಟ್ರ್ಯಾಕ್, ಅಂದರೆ ಚಕ್ರಗಳ ಸುತ್ತ ಓಡುವ ಸರಪಳಿ ಪಟ್ಟಿ, ನೋಡಿ. ರಬ್ಬರ್ ಬ್ಯಾಂಡಿನ ಹಾಗೆ ಬಿಗಿಯಾಗಿ ನಿಂತಿದೆ, ಅಲ್ವಾ? ಟಿ-34ರಲ್ಲಿ ಟ್ರ್ಯಾಕನ್ನು ಮೇಲೆತ್ತಿ ಹಿಡಿಯುವ ಸಣ್ಣ ಉರುಳೆಗಳೇ ಇಲ್ಲ. ಅದು ಐದು ದೊಡ್ಡ ಚಕ್ರಗಳ ತಲೆ ಮೇಲೇ ಬಿದ್ದುಕೊಂಡು, ನಡುನಡುವೆ ಜೋಲುತ್ತದೆ. ಅಮೆರಿಕದ ಶರ್ಮನ್ ಟ್ಯಾಂಕಿಗೆ ಆ ಉರುಳೆಗಳಿವೆ, ಅದಕ್ಕೆ ಇಷ್ಟು ಜೋಲು ಕೊಟ್ಟರೆ ತಪ್ಪು. ಕಿಟ್‌ನಲ್ಲಿ ಬಿಡಿ ಬಿಡಿ ಕೊಂಡಿಗಳಿದ್ದರೆ ಸಾಲಾಗಿ ಪ್ಲಾಸ್ಟಿಕ್ ಸಿಮೆಂಟಿನಲ್ಲಿ (ಪ್ಲಾಸ್ಟಿಕ್ಕನ್ನು ಕರಗಿಸಿ ಹಿಡಿಸುವ ಅಂಟು) ಅಂಟಿಸಿ. ಅಂಟು ಪೂರ್ತಿ ಗಟ್ಟಿಯಾಗುವ ಮೊದಲೇ, ಇನ್ನೂ ಬಾಗುವಾಗಲೇ, ಚಕ್ರಗಳಿಗೆ ಸುತ್ತಿ. ಮೇಲೆ ಮಡ್‌ಗಾರ್ಡಿಗೂ ಟ್ರ್ಯಾಕಿಗೂ ನಡುವೆ ಸ್ಪಂಜಿನ ಚೂರು ತುರುಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸ್ಪಂಜು ತೆಗೆದಾಗ ಅರ್ಧ ಆಟಿಕೆತನ ಹೋಗಿರುತ್ತದೆ.

ಆಮೇಲೆ ದಪ್ಪ. ಈ ಅಳತೆಯಲ್ಲಿ 1 ಮಿ.ಮೀ. ಅಂದರೆ ಅಸಲಿಯಲ್ಲಿ 3.5 ಸೆಂ.ಮೀ. ತೆಳು ತಗಡಿನ ಮಡ್‌ಗಾರ್ಡ್ ನಿಮ್ಮ ಮಾಡೆಲ್‌ನಲ್ಲಿ ಹಲಗೆಯಾಗಿಬಿಟ್ಟಿದೆ. ಇಡೀ ತುಂಡನ್ನು ಕೆರೆಯಬೇಕಿಲ್ಲ. ಕಣ್ಣಿಗೆ ಬೀಳುವ ಅಂಚನ್ನು ಮಾತ್ರ ಒಳಬದಿಯಿಂದ ಬ್ಲೇಡಿನಲ್ಲಿ ಹೆರೆದರೆ ಸಾಕು. ಬ್ಯಾರೆಲ್‌ನ ಜೋಡಣೆ ಗೆರೆ ಉಪ್ಪುಕಾಗದಕ್ಕೆ ಹೋಗಬೇಕು. ಬಾಯಿ ಮುಚ್ಚಿದ್ದರೆ ಸೂಜಿಯಿಂದ ನಡುವೆ ಗುರುತು ಚುಚ್ಚಿ, ಡ್ರಿಲ್ ಬಿಟ್ಟನ್ನು ಬೆರಳಲ್ಲೇ ತಿರುಗಿಸಿ. 76.2 ಮಿ.ಮೀ. ತೋಪಿಗೆ 2 ಮಿ.ಮೀ. ತೂತು ಹೆಚ್ಚುಕಡಿಮೆ ಸರಿಹೋಗುತ್ತದೆ.

ಟರೆಟ್ (ತೋಪು ಕೂರುವ, ತಿರುಗುವ ಮೇಲ್ಭಾಗ) ಎರಕ ಹೊಯ್ದದ್ದಾದರೆ ಅಷ್ಟು ನುಣುಪಾಗಿರಬಾರದು. ಮೇಲ್ಮೈಗೆ ತೆಳು ಸಿಮೆಂಟ್ ಸವರಿ ಹಳೇ ಬ್ರಷ್‌ನಿಂದ ತಟ್ಟಿ, ತರಿ ಏಳುತ್ತದೆ. ಕೆಳಗಿನ ಒಡಲು ಚಪ್ಪಟೆ ಉಕ್ಕಿನ ಹಾಳೆಗಳದು, ಅದನ್ನು ಮುಟ್ಟಬೇಡಿ.

ಬಣ್ಣ? ನಿಮ್ಮ ಹಸಿರನ್ನೇ ಒಂಚೂರು ತಿಳಿಹಸಿರು ಮಾಡಿ ಮೇಲ್ಭಾಗಕ್ಕೆ ಹಾಯಿಸಿ. ಅದರ ಮೇಲೆ ಹೊಳಪಿನ ಅಕ್ರಿಲಿಕ್ ವಾರ್ನಿಶ್, ಅದು ಒಣಗಿದ ಮೇಲೆ ಕಡುಕಂದು ಎನಾಮೆಲ್ ವಾಶ್ (ಥಿನ್ನರ್‌ನಲ್ಲಿ ನೀರಾಗಿ ಕಲಸಿದ ಬಣ್ಣ). ಇಡೀ ಟ್ಯಾಂಕಿಗೆ ಸ್ನಾನ ಮಾಡಿಸಬೇಡಿ, ಬೋಲ್ಟಿನ ಬುಡ, ಸಂದುಗಳಿಗೆ ಮಾತ್ರ ಬ್ರಷ್ ತುದಿ ತಾಗಿಸಿ. ನಾನೊಮ್ಮೆ ಚಕ್ರದ ಅಚ್ಚುಗಳ ಹತ್ತಿರ ಥಿನ್ನರ್ ನೀರಾಗಿ ಹರಿಸಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಎರಡು ಚಕ್ರ ಮೇಜಿನ ಮೇಲೆ! ಬಿಗಿಯಾಗಿ ಕೂತ ಪ್ಲಾಸ್ಟಿಕ್‌ಗೆ ಥಿನ್ನರ್ ನಿಂತರೆ ಅದು ಸೀಳಿಬಿಡುತ್ತದೆ.

ಬಣ್ಣ ಕಿತ್ತ ಕಲೆಗಳನ್ನು ಸುಮ್ನೆ ಎಲ್ಲೆಂದರಲ್ಲಿ ಹಾಕಬೇಡಿ. 2 ಮಿ.ಮೀ. ಕಲೆ ಅಂದರೆ ಅಸಲಿಯಲ್ಲಿ 7 ಸೆಂ.ಮೀ. ಕಿತ್ತುಹೋದಂತೆ. ಹ್ಯಾಚ್ (ಒಳಗಿಳಿಯುವ ಬಾಗಿಲು) ಅಂಚು, ಬೂಟು ತುಳಿಯುವ ಜಾಗ, ಅಲ್ಲಿ ಸ್ಪಂಜಿನ ತುದಿಯಿಂದ ನಾಲ್ಕಾರು ಚುಕ್ಕೆ ಸಾಕು, ಜಾಸ್ತಿ ಬೇಡ. ಕೊನೆಗೆ ಎಲ್ಲದರ ಮೇಲೂ ಹೊಳಪಿಲ್ಲದ ವಾರ್ನಿಶ್. ಅದು ಒಣಗಿದ ಮೇಲೆ, ನೆಲಕ್ಕೆ ಉಜ್ಜಿಕೊಳ್ಳುವ ಟ್ರ್ಯಾಕಿನ ಉಬ್ಬುಗಳಿಗೆ ಮೆತ್ತನೆಯ ಪೆನ್ಸಿಲ್ ತಿಕ್ಕಿ. ಉಕ್ಕಿನ ಹೊಳಪು ಅಲ್ಲಿಷ್ಟೇ ಇರಲಿ.