ಹಿಂದಿನ ಆಕ್ಸಲ್‌ಗೆ ಎಷ್ಟು ಸ್ವಾತಂತ್ರ್ಯ ಕೊಡಬೇಕು?

ಬಳ್ಳಾರಿಯಲ್ಲಿ ಹಳೆಯ ಜೀಪಿನ ಚಾಸಿಯೊಂದನ್ನು ತಂದು, ಅದರ ಮೇಲೆ ತನ್ನದೇ ಹಾಟ್ ರಾಡ್ (ವೇಗಕ್ಕೆಂದು ಹಗುರಾಗಿಸಿ ತಿದ್ದಿದ ಹಳೆಯ ಗಾಡಿ) ಕಟ್ಟಲು ಹೊರಡುವ ಹುಡುಗನಿಗೆ ಸಲಹೆಗಾರರ ಬರ ಇರುವುದಿಲ್ಲ. ಸಂಡೂರಿನ ಅದಿರು ಹೊತ್ತ ಲಾರಿಗಳು ದಶಕಗಳಿಂದ ಓಡಾಡಿದ ಸೀಮೆ ಇದು. ಪಾಟಾ (ಸ್ಪ್ರಿಂಗಾಗಿ ಕೆಲಸ ಮಾಡುವ ಉಕ್ಕಿನ ಪಟ್ಟಿ) ಬಡಿಯುವವರು, ಬುಷ್ ಬದಲಿಸುವವರು, ಬಿರುಕು ಬಿಟ್ಟ ಚಾಸಿಗೆ ಪಟ್ಟಿ ಕೊಟ್ಟು ಬೆಸೆಯುವವರು ಎಲ್ಲರೂ ಇದ್ದಾರೆ. ಹಿಂದಿನ ಸಸ್ಪೆನ್ಷನ್ ಹೇಗಿರಬೇಕು ಎಂದು ಕೇಳಿದರೆ ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ: ಎರಡು ಪಾಟಾ ಜಾಸ್ತಿ ಹಾಕು, ಗಟ್ಟಿ ಇರಲಿ. ಟನ್ನುಗಟ್ಟಲೆ ಅದಿರು ಹೊರುವ ಗಾಡಿಗೆ ಈ ಮಾತು ಸರಿ. ಮೈಮೇಲಿನ ತಗಡನ್ನೆಲ್ಲ ಕಳಚಿ ಹಗುರಾಗಿಸಿದ ಗಾಡಿಗೆ ಮಾತ್ರ ಇದು ಪೂರ್ತಿ ತಪ್ಪು ಸಲಹೆ. ಸಸ್ಪೆನ್ಷನ್‌ನ ಕೆಲಸ ಬರೀ ಹಿಡಿಯುವುದಲ್ಲ. ಯಾವ ಚಲನೆಯನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದೇ ಅದರ ವಿಜ್ಞಾನ.

ಹಾಟ್ ರಾಡ್ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. 1930ರ ದಶಕದ ಹುಡುಗರು ಹಳೆಯ ಫೋರ್ಡ್ ಕಾರುಗಳ ಮಡ್‌ಗಾರ್ಡ್, ಬಾನೆಟ್ ಎಲ್ಲ ಬಿಚ್ಚಿಹಾಕಿ, ಎಂಜಿನ್ ತಿದ್ದಿ, ಮುರಾಕ್, ಎಲ್ ಮಿರಾಜ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಓಡಿಸಿ ವೇಗ ಅಳೆಯುತ್ತಿದ್ದರು. 1932ರಲ್ಲಿ ಫೋರ್ಡ್ ಕಂಪನಿ ಅಗ್ಗದ ಬೆಲೆಗೆ ವಿ-8 ಎಂಜಿನ್ ಕೊಟ್ಟಮೇಲೆ ಈ ಹುಚ್ಚಿಗೆ ರೆಕ್ಕೆ ಬಂತು. ಆ ಫೋರ್ಡ್‌ಗಳ ಹಿಂಭಾಗದಲ್ಲಿ ಒಂದು ವಿಶೇಷವಿತ್ತು. ನಮ್ಮ ಜೀಪಿನಲ್ಲಿರುವಂತೆ ಗಾಡಿಯ ಉದ್ದಕ್ಕೆ ಎರಡು ಪಾಟಾ ಕಟ್ಟುಗಳಿರಲಿಲ್ಲ. ಎಡದಿಂದ ಬಲಕ್ಕೆ ಅಡ್ಡಲಾಗಿ ಒಂದೇ ಕಟ್ಟು ಇತ್ತು. ಅದು ಭಾರ ಹೊರುತ್ತಿತ್ತು, ಅಷ್ಟೇ. ಆಕ್ಸಲ್, ಅಂದರೆ ಎರಡು ಚಕ್ರಗಳನ್ನು ಸೇರಿಸುವ ಅಚ್ಚು, ತಿರುಚಿಕೊಳ್ಳದಂತೆ ತಡೆಯಲು, ಎಂಜಿನ್ನಿನ ಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಸುತ್ತ ಒಂದು ದಪ್ಪ ಕೊಳವೆ, ಜೊತೆಗೆ ಓರೆಯಾದ ಕಂಬಿಗಳು. ಫೋರ್ಡ್ ಈ ಏರ್ಪಾಟನ್ನು 1948ರ ಮಾದರಿಯವರೆಗೂ ಬಿಡಲಿಲ್ಲ. ಗೇರ್‌ಬಾಕ್ಸ್ ಬದಲಿಸಲು ಹೋದ ಹುಡುಗರು ಆ ಕೊಳವೆಯನ್ನು ಕಿತ್ತೆಸೆದರೆ ಆಕ್ಸಲ್ ಹಿಡಿಯಲು ಬೇರೇನಾದರೂ ಮಾಡಲೇಬೇಕಾಗುತ್ತಿತ್ತು. ಮನೆಯಂಗಳದಲ್ಲಿ ಸಸ್ಪೆನ್ಷನ್ ಕಟ್ಟುವ ವಿದ್ಯೆ ಬೆಳೆದದ್ದು ಬಹುಪಾಲು ಇಂಥ ಅನಿವಾರ್ಯದಿಂದಲೇ.

ಕಾನೂನಿನ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಆದ್ದರಿಂದ ಇಲ್ಲಿ ಹೇಳುತ್ತಿರುವ ಗಾಡಿ ಖಾಸಗಿ ಜಾಗದಲ್ಲಿ ಓಡುವಂಥದ್ದು. ಗಾಂಧಿನಗರದ ಸಿಗ್ನಲ್ಲಿಗೆ ತರುವಂಥದ್ದಲ್ಲ.

ಇನ್ನು ಆಕ್ಸಲ್‌ಗೆ ಬರೋಣ. ಗಾಳಿಯಲ್ಲಿ ತೂಗುಹಾಕಿದ ಯಾವುದೇ ಗಟ್ಟಿ ವಸ್ತು ಆರು ಬಗೆಯಲ್ಲಿ ಚಲಿಸಬಲ್ಲದು: ಮೇಲೆ-ಕೆಳಗೆ, ಹಿಂದೆ-ಮುಂದೆ, ಎಡಕ್ಕೆ-ಬಲಕ್ಕೆ, ಜೊತೆಗೆ ಈ ಮೂರೂ ದಿಕ್ಕುಗಳನ್ನು ಅಕ್ಷವಾಗಿಸಿಕೊಂಡು ಮೂರು ಬಗೆಯ ತಿರುಗುವಿಕೆ. ಹಿಂದಿನ ಆಕ್ಸಲ್‌ಗೆ ಬೇಕಾದದ್ದು ಇವುಗಳಲ್ಲಿ ಎರಡೇ. ಎರಡು ಚಕ್ರಗಳೂ ಒಟ್ಟಿಗೆ ಏರಿಳಿಯಬೇಕು. ಒಂದು ಚಕ್ರ ಕಲ್ಲು ಹತ್ತಿದಾಗ ಇನ್ನೊಂದು ನೆಲದಲ್ಲೇ ಉಳಿಯುವಂತೆ ಆಕ್ಸಲ್ ಓರೆಯಾಗಬೇಕು. ಉಳಿದ ನಾಲ್ಕನ್ನು ತಡೆಯಬೇಕು. ಬಿಡಬೇಕಾದುದನ್ನು ತಡೆದರೆ ಬ್ರಾಕೆಟ್ ಬಿರುಕು ಬಿಡುತ್ತದೆ, ತಡೆಯಬೇಕಾದುದನ್ನು ಬಿಟ್ಟರೆ ಗಾಡಿ ತಾನೇ ದಾರಿ ಹುಡುಕಿಕೊಳ್ಳುತ್ತದೆ.

ಜೀಪಿನ ಪಾಟಾ ಕಟ್ಟು ಈ ಎಲ್ಲ ಕೆಲಸವನ್ನೂ ಒಬ್ಬಂಟಿಯಾಗಿ ಮಾಡುತ್ತದೆ. ಭಾರ ಹೊರುತ್ತದೆ, ಆಕ್ಸಲನ್ನು ಸ್ಥಳದಲ್ಲಿ ಹಿಡಿಯುತ್ತದೆ, ಪಾಟಾಗಳು ಒಂದರ ಮೇಲೊಂದು ಉಜ್ಜಿಕೊಂಡು ಕುಲುಕಾಟವನ್ನೂ ಸ್ವಲ್ಪ ತಗ್ಗಿಸುತ್ತವೆ. ಒಂದೇ ದಪ್ಪ ಪಟ್ಟಿಯ ಬದಲು ಹಲವು ತೆಳು ಪಟ್ಟಿಗಳೇಕೆ? ಪಟ್ಟಿಯ ಬಿಗುವು ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ದಪ್ಪ ಎರಡರಷ್ಟಾದರೆ ಬಿಗುವು ಎಂಟರಷ್ಟು. 6 ಮಿಲಿಮೀಟರ್ ದಪ್ಪದ 8 ಪಾಟಾಗಳನ್ನು ಜೋಡಿಸುವ ಬದಲು 48 ಮಿಲಿಮೀಟರ್ ದಪ್ಪದ ಒಂದೇ ಪಟ್ಟಿ ಹಾಕಿದರೆ ಅದು 64 ಪಟ್ಟು ಬಿಗಿಯಾಗುತ್ತದೆ. ಇನ್ನೂರು ಪುಟದ ನೋಟ್‌ಬುಕ್ಕನ್ನು ಬಗ್ಗಿಸಬಹುದು. ಅದೇ ಪುಟಗಳನ್ನೆಲ್ಲ ಗೋಂದಿನಿಂದ ಅಂಟಿಸಿಬಿಟ್ಟರೆ ಅದು ಹಲಗೆ. ಪಾಟಾ ಕಟ್ಟಿನ ಗುಟ್ಟೂ ಪುಟಗಳು ಜಾರುವುದರಲ್ಲೇ ಇದೆ.

ಎಷ್ಟು ಬಿಗುವು ಬೇಕು ಎಂಬುದನ್ನು ರಸ್ತೆಯನ್ನು ಕೇಳಬೇಕು. ಸ್ಪ್ರಿಂಗಿನ ಮೇಲೆ ಕುಳಿತ ಗಾಡಿಗೆ ತನ್ನದೇ ಆದ ತೂಗುವ ಲಯವಿರುತ್ತದೆ. ಅದನ್ನು ಅಳೆಯಲು ಯಂತ್ರ ಬೇಡ, ಅಳತೆಪಟ್ಟಿ ಸಾಕು. ಗಾಡಿಯ ತೂಕಕ್ಕೆ ಸ್ಪ್ರಿಂಗ್ ಎಷ್ಟು ಕುಸಿಯಿತು ಎಂಬುದೊಂದೇ ಲಯವನ್ನು ನಿರ್ಧರಿಸುತ್ತದೆ. 25 ಸೆಂಟಿಮೀಟರ್ ಕುಸಿದರೆ ಸೆಕೆಂಡಿಗೆ 1 ಬಾರಿ, 10 ಸೆಂಟಿಮೀಟರ್ ಕುಸಿದರೆ ಸುಮಾರು 1.6 ಬಾರಿ ಮೇಲೆ-ಕೆಳಗೆ ತೂಗುತ್ತದೆ. 1ರಿಂದ 1.5ರ ಆಸುಪಾಸು ಸುಖ. ನಾವು ನಡೆಯುವಾಗ ಮೈ ಏರಿಳಿಯುವ ಲಯಕ್ಕೂ ಇದು ಹೆಚ್ಚು ದೂರವಿಲ್ಲ. 4ರಿಂದ 8ರ ನಡುವೆ ಕುಲುಕಿದರೆ ಹೊಟ್ಟೆಯೊಳಗಿನ ಅಂಗಗಳೇ ತಾಳ ಹಾಕತೊಡಗುತ್ತವೆ.

ಬಳ್ಳಾರಿ ಸೀಮೆಯಲ್ಲಿ ಎರಡು ಬಗೆಯ ದಾರಿಗಳಿವೆ, ಎರಡೂ ಒಳ್ಳೆಯ ಪರೀಕ್ಷಕರು. ಸಿರುಗುಪ್ಪದ ಕಡೆ ಎರೆಭೂಮಿ. ಎರೆಮಣ್ಣಿನ ಜೇಡಿ ಪದರಗಳು ನೀರು ಕುಡಿದು ಉಬ್ಬುತ್ತವೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತವೆ. ಮೇಲೆ ಹಾಸಿದ ಡಾಂಬರು ನಿಧಾನವಾಗಿ ಅಲೆಯಲೆಯಾಗುತ್ತದೆ. ಅಲೆಯಿಂದ ಅಲೆಗೆ 11 ಮೀಟರ್ ಇದ್ದು ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ ಒಂದೂವರೆ ಅಲೆ ಕೆಳಗೆ ಹಾಯುತ್ತದೆ. ಅಂದರೆ ಗಾಡಿಯ ಸ್ವಂತ ಲಯಕ್ಕೇ ರಸ್ತೆ ತಳ್ಳುತ್ತದೆ. ಸಣ್ಣ ಅಲೆಯೂ ಗಾಡಿಯನ್ನು ದೋಣಿಯಾಗಿಸುವುದು ಹೀಗೆ. ಆಗ ಕಾಪಾಡುವುದು ಷಾಕ್ ಅಬ್ಸಾರ್ಬರ್ ಮಾತ್ರ. ಎರಡನೆಯದು ಭಾರದ ಗಾಡಿಗಳು ತುಳಿದ ಮಣ್ಣಿನ ದಾರಿ. ಅಲ್ಲಿ ಮುಕ್ಕಾಲು ಮೀಟರಿಗೊಂದು ಏಣು ಎದ್ದಿರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 15 ಏಟು. ಈ ಲಯಕ್ಕೆ ಗಾಡಿಯ ಮೈ ಕುಣಿಯುವುದಿಲ್ಲ, ಟೈರು ಮತ್ತು ಸ್ಪ್ರಿಂಗಿನ ನಡುವೆ ಸಿಕ್ಕ ಆಕ್ಸಲ್ ಕುಣಿಯುತ್ತದೆ. ಆಕ್ಸಲ್ ಭಾರವಾದಷ್ಟೂ ಚಕ್ರ ನೆಲ ಬಿಟ್ಟು ಹಾರುವುದು ಹೆಚ್ಚು. ಆದ್ದರಿಂದ ಆಕ್ಸಲ್‌ಗೆ ಬೆಸೆಯುವ ಒಂದೊಂದು ಕಬ್ಬಿಣದ ತುಂಡಿಗೂ ಲೆಕ್ಕ ಕೊಡಬೇಕು.

ಈಗ ಹುಡುಗನ ಜೀಪಿನ ಲೆಕ್ಕ ಹಾಕೋಣ. ಒಂದು ಬದಿಯ ಪಾಟಾ ಕಟ್ಟು ಜನ-ಸಾಮಾನು ತುಂಬಿದಾಗ 450 ಕೆ.ಜಿ. ಹೊತ್ತು 10 ಸೆಂಟಿಮೀಟರ್ ಕುಸಿಯುವಂತೆ ಮಾಡಿದ್ದು, ಅದರಲ್ಲಿ 9 ಪಾಟಾಗಳಿವೆ ಎಂದಿಟ್ಟುಕೊಳ್ಳಿ. ಮೈ ಕಳಚಿದ ಮೇಲೆ ಆ ಬದಿಗೆ ಬೀಳುವ ಭಾರ 200 ಕೆ.ಜಿ. ಕುಸಿತ ನಾಲ್ಕೂವರೆ ಸೆಂಟಿಮೀಟರಿಗೂ ಕಡಿಮೆ, ಲಯ 1.6ರಿಂದ 2.4ಕ್ಕೆ. ಗಾಡಿ ಇನ್ನು ಉರುಳುವುದಿಲ್ಲ, ಪುಟಿಯುತ್ತದೆ. ಹಳೆಯ ಲಯ ಬೇಕಿದ್ದರೆ 9ರಲ್ಲಿ 5 ಪಾಟಾ ತೆಗೆಯಬೇಕು. ಇದನ್ನು ಕೇಳಿದ ಲಾರಿ ಮೇಸ್ತ್ರಿ ಹೌಹಾರಬಹುದು. ಆದರೆ 450ನ್ನು 9ರಿಂದ ಭಾಗಿಸಿದರೂ 50, 200ನ್ನು 4ರಿಂದ ಭಾಗಿಸಿದರೂ 50. ಒಂದೊಂದು ಪಾಟಾ ಹೊರುವುದು ಮೊದಲಿನಷ್ಟೇ ಭಾರ. ತುದಿಯಲ್ಲಿ ಕಣ್ಣು ಸುತ್ತಿದ ಮುಖ್ಯ ಪಾಟಾವನ್ನೂ ಅದರ ಕೆಳಗಿನದನ್ನೂ ಮುಟ್ಟದೆ, ಉಳಿದ 7ರಲ್ಲಿ ಒಂದೇ ಕಡೆಯಿಂದ ಅಲ್ಲದೆ ನಡುನಡುವೆ ಆರಿಸಿ 5ನ್ನು ತೆಗೆಯುವುದು ಜಾಣತನ.

ತೊಡಕು ಹುಟ್ಟುವುದು ಆಮೇಲೆ. ಎಂಜಿನ್ ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಆಕ್ಸಲ್‌ನ ಹೌಸಿಂಗ್, ಅಂದರೆ ಹೊರಕವಚ, ಹಿಂದಕ್ಕೆ ತಿರುಗಲು ಹವಣಿಸುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಪಿನಿಯನ್ ಗೇರಿನ ಮೂತಿ ಮೇಲಕ್ಕೇಳುತ್ತದೆ. ವೇಗ ಹೆಚ್ಚಿಸುವಾಗ ಹಿಂದಿನ ಚಕ್ರಗಳ ಮೇಲೆ ಒಟ್ಟು 600 ಕೆ.ಜಿ. ಭಾರವಿದ್ದು, ಘರ್ಷಣೆಯ ಗುಣಾಂಕ 0.8, ಚಕ್ರದ ತ್ರಿಜ್ಯ 35 ಸೆಂಟಿಮೀಟರ್ ಆಗಿದ್ದರೆ ಈ ತಿರುಚು ಬಲ ಸುಮಾರು 1,600 ನ್ಯೂಟನ್ ಮೀಟರ್. 9 ಪಾಟಾ ಇದ್ದಾಗ ಅದನ್ನು ಸಹಿಸುತ್ತಿದ್ದ ಕಟ್ಟು, 4 ಪಾಟಾ ಉಳಿದಾಗ ಇಂಗ್ಲಿಷಿನ ಎಸ್ ಅಕ್ಷರದಂತೆ ಬಳುಕುತ್ತದೆ. ಟೈರು ಜಾರಿದೊಡನೆ ಪಾಟಾ ನೆಟ್ಟಗಾಗುತ್ತದೆ, ಟೈರು ಹಿಡಿದೊಡನೆ ಮತ್ತೆ ಬಳುಕುತ್ತದೆ. ಆಕ್ಸಲ್ ದಡದಡ ಬಡಿದುಕೊಳ್ಳುತ್ತದೆ. ಏರಿಳಿತಕ್ಕೆ ಮೆದುವಾಗಬೇಕು, ತಿರುಚಿಗೆ ಬಿಗಿಯಾಗಬೇಕು: ಒಂದೇ ಪಟ್ಟಿಯಿಂದ ಎರಡನ್ನೂ ಪಡೆಯಲಾಗದು. ಹಳೆಯ ಫೋರ್ಡ್‌ನಲ್ಲಿ ಭಾರ ಹೊರುವವನೇ ಬೇರೆ, ತಿರುಚು ತಡೆಯುವವನೇ ಬೇರೆ ಇದ್ದದ್ದು ಈ ಕಾರಣಕ್ಕೇ ಉಪಯೋಗಕ್ಕೆ ಬರುತ್ತಿತ್ತು.

ಆಕ್ಸಲ್‌ಗೆ ಒಂದು ತೋಳು ಬೆಸೆಯುವುದು ಸುಲಭದ ದಾರಿ. ತೋಳು 1 ಮೀಟರ್ ಉದ್ದವಿದ್ದರೆ ಅದರ ಮುಂತುದಿಯಲ್ಲಿ ಬೀಳುವ ಬಲ 1,600 ನ್ಯೂಟನ್, ಅಂದರೆ 165 ಕೆ.ಜಿ.ಯ ಆಸುಪಾಸು, ಚಾಸಿಯ ಅಡ್ಡಪಟ್ಟಿ ಅದನ್ನು ನಿರಾಯಾಸವಾಗಿ ತಾಳುತ್ತದೆ. ಆದರೆ ಆ ಮುಂತುದಿಯನ್ನು ಚಾಸಿಗೆ ನೇರವಾಗಿ ಬೋಲ್ಟ್ ಹಾಕಿ ಬಿಗಿದರೆ ಕೆಟ್ಟಿತು. ಪಾಟಾ ಆಕ್ಸಲನ್ನು ಒಂದು ಕಮಾನಿನಲ್ಲಿ ಏರಿಸಲು ನೋಡುತ್ತದೆ, ತೋಳು ಇನ್ನೊಂದು ಕಮಾನಿನಲ್ಲಿ. ಇಬ್ಬರ ಜಗಳದಲ್ಲಿ ಬೆಸುಗೆ ಬಿರಿಯುತ್ತದೆ. ಅದಕ್ಕಾಗಿ ತುದಿಯನ್ನು ಶ್ಯಾಕಲ್ ಎಂಬ ಓಲಾಡುವ ಕೊಂಡಿಯಲ್ಲಿ ತೂಗುಬಿಡಬೇಕು. ಆಗ ತೋಳು ಹಿಂದೆ-ಮುಂದೆ ಸರಿಯಲು ಸ್ವತಂತ್ರ, ತಿರುಚಲು ಮಾತ್ರ ಅಲ್ಲ.

ಪಾಟಾಗಳನ್ನೇ ಬಿಟ್ಟು ಸುರುಳಿ ಸ್ಪ್ರಿಂಗ್, ನಾಲ್ಕು ಕಂಬಿ ಹಾಕುವ ಆಸೆ ಹಲವರಿಗೆ. ನೋಡಲು ಚೆಂದ, ನಿಜ. ಆದರೆ ಮೇಲಿನ-ಕೆಳಗಿನ ಕಂಬಿಗಳ ನಡುವೆ 20 ಸೆಂಟಿಮೀಟರ್ ಅಂತರವಿದ್ದರೆ ಅದೇ ತಿರುಚು 8,000 ನ್ಯೂಟನ್ ಎಳೆತವಾಗಿ ಬ್ರಾಕೆಟ್ಟುಗಳಿಗೆ ಬಡಿಯುತ್ತದೆ. ಕಂಬಿಗಳೆಲ್ಲ ನೇರವಾಗಿದ್ದರೆ ಆಕ್ಸಲ್ ಪಕ್ಕಕ್ಕೆ ಜಾರದಂತೆ ಪೆನ್ಹಾರ್ಡ್ ಕಂಬಿಯೆಂಬ ಅಡ್ಡ ಸರಳೂ ಬೇಕು. ಅದು 80 ಸೆಂಟಿಮೀಟರ್ ಉದ್ದವಿದ್ದರೆ, ಆಕ್ಸಲ್ ಏಳೂವರೆ ಸೆಂಟಿಮೀಟರ್ ಏರಿದಾಗ ಮೂರೂವರೆ ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಅರ್ಧ ಉದ್ದದ್ದಾದರೆ 7 ಮಿಲಿಮೀಟರ್. ಮೊದಲ ಗಾಡಿ ಕಟ್ಟುವವರು ಪಾಟಾಗಳಲ್ಲೇ ಇರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಆಕ್ಸಲನ್ನು ಕೂರಿಸುವಾಗ ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ ಎರಡು ಸಲ ಎದುರಾಗುತ್ತಾನೆ. ಸ್ಪ್ರಿಂಗಿನ ಹಿಗ್ಗು ಬಲಕ್ಕೆ ಅನುಗುಣ ಎಂದು 1678ರಲ್ಲಿ ಪ್ರಕಟಿಸಿದವನು ಅವನೇ. ಪ್ರೊಪೆಲ್ಲರ್ ಶಾಫ್ಟಿನ ತುದಿಗಳಲ್ಲಿರುವ, ಬಾಗಿದ ಕೋನದಲ್ಲೂ ತಿರುಗುವ ಯುನಿವರ್ಸಲ್ ಜಾಯಿಂಟಿಗೂ ಅವನ ಹೆಸರೇ ಅಂಟಿಕೊಂಡಿದೆ. ಈ ಜಾಯಿಂಟ್ 10 ಡಿಗ್ರಿ ಬಾಗಿದ್ದರೆ ಅದರಾಚೆಯ ಶಾಫ್ಟ್ ಒಂದೇ ವೇಗದಲ್ಲಿ ಸುತ್ತುವುದಿಲ್ಲ. ಪ್ರತಿ ಸುತ್ತಿಗೆ ಎರಡು ಬಾರಿ, ಶೇಕಡಾ ಒಂದೂವರೆಯಷ್ಟು ಮುಂದೋಡಿ ಹಿಂದೆ ಬೀಳುತ್ತದೆ. ನಿಮಿಷಕ್ಕೆ 3,000 ಸುತ್ತಿನಲ್ಲಿ ಅದು ಸೆಕೆಂಡಿಗೆ 100 ಕಂಪನ. ಎರಡೂ ತುದಿಗಳ ಕೋನ ಸಮನಾಗಿದ್ದು, ಗೇರ್‌ಬಾಕ್ಸಿನ ಶಾಫ್ಟೂ ಪಿನಿಯನ್ನೂ ಸಮಾಂತರವಾಗಿದ್ದರೆ ಒಂದರ ತಪ್ಪನ್ನು ಇನ್ನೊಂದು ಅಳಿಸುತ್ತದೆ. ಆದ್ದರಿಂದ ಪಾಟಾ ಕೂರುವ ಪ್ಯಾಡುಗಳನ್ನು ಹೌಸಿಂಗಿಗೆ ಮೊದಲು ಚುಕ್ಕೆ ಬೆಸುಗೆಯಲ್ಲಷ್ಟೇ ನಿಲ್ಲಿಸಿ, ಎಂಜಿನ್, ಪೆಟ್ರೋಲ್ ಟ್ಯಾಂಕು, ಸೀಟು ಎಲ್ಲದರ ಭಾರ ಚಾಸಿಯ ಮೇಲೆ ಬಿದ್ದ ನಂತರ ಕೋನ ಅಳೆದು ಪೂರ್ತಿ ಬೆಸೆಯಬೇಕು.

ಯಾವ ಕಬ್ಬಿಣವನ್ನು ಬೆಸೆಯಬಹುದು ಎಂಬುದೂ ಮುಖ್ಯ. ತೋಳಿನ ಕೊಳವೆ, ಬ್ರಾಕೆಟ್ಟುಗಳು ಇಂಗಾಲ ಕಡಿಮೆಯಿರುವ ಮೆದು ಉಕ್ಕು, ಬೆಸುಗೆಗೆ ಒಗ್ಗುತ್ತವೆ. ಪಾಟಾದ ಉಕ್ಕಿನಲ್ಲಿ ಇಂಗಾಲ ಶೇಕಡಾ ಅರ್ಧಕ್ಕೂ ಮೇಲೆ, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್. ಅದಕ್ಕೆ ವೆಲ್ಡಿಂಗ್ ಕಡ್ಡಿ ತಾಗಿಸಿದರೆ ಆ ಜಾಗ ಕೆಂಪಗೆ ಕಾದು, ಸುತ್ತಲಿನ ತಣ್ಣನೆಯ ಉಕ್ಕು ಶಾಖವನ್ನು ಸರ್ರನೆ ಹೀರಿ, ಗಾಜಿನಂತೆ ಪೆಡಸಾಗುತ್ತದೆ. ಗ್ಯಾಸಿನಲ್ಲಿ ಕಾಯಿಸಿ ಬಗ್ಗಿಸಿ ನಿಧಾನ ಆರಲು ಬಿಟ್ಟರೆ ತದ್ವಿರುದ್ಧ: ಪಾಟಾ ಮೆತ್ತಗಾಗಿ ಜೋತುಬೀಳುತ್ತದೆ. ಕಮ್ಮಾರರು ಮುರಿದ ಲಾರಿ ಪಾಟಾದಿಂದ ಕೊಡಲಿ ಮಾಡುವಾಗಲೂ ಇದೇ ಗುಣವನ್ನು ದುಡಿಸಿಕೊಳ್ಳುತ್ತಾರೆ, ಆದರೆ ಅವರು ಹದ ಕೊಟ್ಟೇ ಮುಗಿಸುತ್ತಾರೆ.

ಪಾಟಾ ಕಟ್ಟಿನಲ್ಲಿ ಅತಿ ದುರ್ಬಲ ಜಾಗ ಅದರ ನಡುವಿನ ಬೋಲ್ಟಿನ ತೂತು. ಕಟ್ಟನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟುಗಳು ಬಿಗಿಯಾಗಿರುವವರೆಗೆ ಆ ಭಾಗ ಬಾಗುವುದೇ ಇಲ್ಲ. ಸಡಿಲವಾದರೆ ಪೂರಾ ಬಾಗು ಅಲ್ಲಿಗೇ ಬಂದು ಕೂರುತ್ತದೆ. ಹೊಸದಾಗಿ ಜೋಡಿಸಿದ ಪಾಟಾಗಳು ಓಡಿದ ಮೇಲೆ ಒಂದರೊಳಗೊಂದು ಕುಳಿತು ತುಸು ಜಾಗ ಬಿಡುವುದರಿಂದ, ಮೊದಲ ಓಟ ಮುಗಿಸಿ ಬಂದ ಕೂಡಲೇ ಗಾಡಿಯ ಭಾರ ಚಕ್ರಗಳ ಮೇಲಿರುವಾಗಲೇ ಆ ನಟ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಬೇಕು.